ಮೊದಲ ಜಿಂಕೆ ಬೇಟೆಗೆ ಪ್ಲ್ಯಾನ್: ಕೋವಿ ಬೇಡ, ಕಣ್ಣು ಸಾಕು

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯ ಹುಡುಗ ಹುಡುಗಿಯರಿಗೆ ಇವತ್ತಿನ ಎಪಿಸೋಡ್ ಸ್ವಲ್ಪ ಜಾಸ್ತಿನೇ ಸೇರಿದ್ದು.

ಯೂಟ್ಯೂಬ್‌ನಲ್ಲಿ ಒಂದು ಥರದ ವಿಡಿಯೋ ನೀವೂ ನೋಡಿರ್ತೀರ. ಅಮೆರಿಕದ ಬೆಟ್ಟದ ಮೇಲೆ ಒಬ್ಬ ಬೈನಾಕ್ಯುಲರ್ ಹಿಡಿದು ಕೂತಿರ್ತಾನೆ. ದೂರದಲ್ಲಿ ದೊಡ್ಡ ಕಿವಿಯ ಜಿಂಕೆ. ಅದರ ಹೆಸರು ಮ್ಯೂಲ್ ಡಿಯರ್. ಹೇಸರಗತ್ತೆಗೆ ಇರೋ ಹಾಗೆ ಕಿವಿ ಉದ್ದ, ಅದಕ್ಕೇ ಆ ಹೆಸರು. ವಿಡಿಯೋ ಟೈಟಲ್ ಸಾಮಾನ್ಯವಾಗಿ "ಸರ್ಕಾರಿ ಜಾಗದಲ್ಲಿ ನನ್ನ ಮೊದಲ ಬೇಟೆ" ಅಂತಿರುತ್ತೆ. ನೋಡಿದವರಿಗೆ ಸಹಜವಾಗಿ ಒಂದು ಪ್ರಶ್ನೆ ಬರುತ್ತೆ: ನಮ್ಮಲ್ಲೂ ಕಾಡಿದೆ, ಜಿಂಕೆ ಇದೆ, ನಾವೂ ಹೀಗೆ ಲೈಸೆನ್ಸ್ ತಗೊಂಡು ಹೋಗಬಹುದಾ?

ಉತ್ತರ: ಇಲ್ಲ. ಆದರೆ ಅಷ್ಟಕ್ಕೇ ನಿಲ್ಲಿಸಿದರೆ ಅರ್ಧ ಮಾತು ಉಳಿದುಹೋಗುತ್ತೆ. ಅಲ್ಲಿ ಯಾಕೆ ಆಗುತ್ತೆ, ಇಲ್ಲಿ ಯಾಕೆ ಆಗಲ್ಲ, ಬೇಟೆಗಾರನ ವಿದ್ಯೆಯಲ್ಲಿ ನಮಗೆ ಸಿಗೋ ಭಾಗ ಯಾವುದು ಅಂತ ಒಂದೊಂದಾಗಿ ನೋಡೋಣ.

ನಾನು ಕಾಮರ್ಸ್ ಓದಿದವನು, ಹಾಗಾಗಿ ಮೊದಲು ಲೆಕ್ಕ. ಅಮೆರಿಕದ ಪಶ್ಚಿಮ ಭಾಗದಲ್ಲಿ ಫೆಡರಲ್ ಸರ್ಕಾರದ ಭೂಮಿ ಅಗಾಧವಾಗಿದೆ. ಅಲ್ಲಿನ ಭೂ ನಿರ್ವಹಣಾ ಬ್ಯೂರೋ ಒಂದರ ಕೈಯಲ್ಲೇ ಸುಮಾರು 24.5 ಕೋಟಿ ಎಕರೆ ಇದೆ. ಅದರಲ್ಲಿ ಬಹುಪಾಲು ಜಾಗದಲ್ಲಿ ಬೇಟೆಗೆ ಅವಕಾಶ ಉಂಟು. ಹಾಗಂತ ಯಾರು ಬೇಕಾದರೂ ನುಗ್ಗೋ ಹಾಗಿಲ್ಲ. ರಾಜ್ಯದ ವನ್ಯಜೀವಿ ಇಲಾಖೆ ಮೊದಲು ಎಷ್ಟು ಜಿಂಕೆ ಇವೆ ಅಂತ ಅಂದಾಜು ಮಾಡುತ್ತೆ. ಯಾವ ವಲಯದಲ್ಲಿ ಎಷ್ಟು ಹೊಡೆದರೆ ಹಿಂಡಿಗೆ ಪೆಟ್ಟು ಬೀಳಲ್ಲ ಅಂತ ಸಂಖ್ಯೆ ನಿಗದಿ ಮಾಡುತ್ತೆ. ಅಷ್ಟೇ ಪರವಾನಗಿ ಕೊಡುತ್ತೆ. ಬೇಡಿಕೆ ಜಾಸ್ತಿ ಇರೋ ಕಡೆ ಲಾಟರಿ. ಒಳ್ಳೆಯ ವಲಯಕ್ಕೆ ವರ್ಷಗಟ್ಟಲೆ ಅರ್ಜಿ ಹಾಕ್ತಾ ಕಾಯೋರು ಇದ್ದಾರೆ. ಕೊಲೊರಾಡೊ ರಾಜ್ಯದಲ್ಲಿ 1949ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರು ಬೇಟೆಯ ಸುರಕ್ಷತಾ ತರಬೇತಿ ಮುಗಿಸಿರಬೇಕು, ಇಲ್ಲಾಂದ್ರೆ ಲೈಸೆನ್ಸೇ ಇಲ್ಲ.

ದುಡ್ಡಿನ ಕಡೆ ನೋಡಿ. 1937ರಲ್ಲಿ ಅಲ್ಲಿ ಒಂದು ಕಾನೂನು ಬಂತು, ಪಿಟ್‌ಮನ್-ರಾಬರ್ಟ್‌ಸನ್ ಕಾಯ್ದೆ ಅಂತ. ಉದ್ದ ಕೋವಿ, ಮದ್ದುಗುಂಡಿನ ಮೇಲೆ ಶೇ 11ರಷ್ಟು ತೆರಿಗೆ. ಆ ಹಣ ವನ್ಯಜೀವಿ ಕೆಲಸಕ್ಕೇ ವಾಪಸ್ ಹೋಗುತ್ತೆ. ಲೈಸೆನ್ಸ್ ಫೀಸೂ ಅದೇ ದಾರಿ. ಬೇಟೆ ಸರಿಯೋ ತಪ್ಪೋ ಅನ್ನೋದು ಬೇರೆ ಚರ್ಚೆ. ನಾನು ಹೇಳ್ತಿರೋದು ಇಷ್ಟೆ: ಅಲ್ಲಿ ಒಂದು ಜಿಂಕೆ ಬಿದ್ದರೆ ಅದರ ಹಿಂದೆ ಒಂದು ಎಣಿಕೆ ಇದೆ, ಒಂದು ಲೆಡ್ಜರ್ ಇದೆ. ವಿಡಿಯೋದಲ್ಲಿ ಗುಂಡಿನ ಸದ್ದು ಕೇಳುತ್ತೆ, ಲೆಡ್ಜರ್ ಕಾಣಲ್ಲ.

ಈಗ ನಮ್ಮ ಕಡೆ ಬರೋಣ. ಇಲ್ಲೂ ಒಂದು ಕಾಲದಲ್ಲಿ ಶಿಕಾರಿ ಇತ್ತು. ಬೆಂಗಳೂರಿನ ಕೆನೆತ್ ಆಂಡರ್ಸನ್ ಬರೆದ ಕಾಡಿನ ಕಥೆಗಳನ್ನ ಪೂರ್ಣಚಂದ್ರ ತೇಜಸ್ವಿ ಕನ್ನಡಕ್ಕೆ ತಂದರು. ಅದರಲ್ಲಿ ಒಂದು ಪುಸ್ತಕದ ಹೆಸರೇ "ಮುನಿಶಾಮಿ ಮತ್ತು ಮಾಗಡಿ ಚಿರತೆ". ನಮ್ಮೂರಿನ ಹೆಸರು ಪುಸ್ತಕದ ಮೇಲೆ ನೋಡಿ ಖುಷಿಯಾಗುತ್ತೆ, ಅಲ್ವಾ? ಆದರೆ ಆ ಕಾಲ ಮುಗಿದುಹೋಗಿದೆ. ಭಾರತದ ಚೀತಾ ಬೇಟೆಗೆ ಸಿಕ್ಕಿ ಅಳಿದೇ ಹೋಯ್ತು. 1972ರ ಹುಲಿ ಗಣತಿಯಲ್ಲಿ ಸಿಕ್ಕ ಸಂಖ್ಯೆ ಸುಮಾರು 1,800. ಅದೇ ವರ್ಷ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು.

ಈ ಕಾಯ್ದೆಯ ಸೆಕ್ಷನ್ 9 ಬೇಟೆಯನ್ನ ನಿಷೇಧಿಸುತ್ತೆ. "ಬೇಟೆ" ಅಂದ್ರೆ ಏನು ಅನ್ನೋದನ್ನೂ ಕಾಯ್ದೆನೇ ಹೇಳಿದೆ. ಕೊಲ್ಲೋದು ಮಾತ್ರ ಅಲ್ಲ. ಹಿಡಿಯೋದು, ಉರುಲು ಹಾಕೋದು, ಅಟ್ಟಿಸಿಕೊಂಡು ಹೋಗೋದು, ಆಸೆ ತೋರಿಸಿ ಕರೆಯೋದು, ಇವಕ್ಕೆ ಪ್ರಯತ್ನ ಪಡೋದು ಕೂಡ ಬೇಟೆ. 2022ರ ತಿದ್ದುಪಡಿ ಆದಮೇಲೆ ಸಾಮಾನ್ಯ ಶಿಕ್ಷೆ 3 ವರ್ಷದವರೆಗೆ ಜೈಲು, ಅಥವಾ 1 ಲಕ್ಷದವರೆಗೆ ದಂಡ, ಅಥವಾ ಎರಡೂ. ಅಭಯಾರಣ್ಯದ ಒಳಗೆ ಬೇಟೆಯಾಡಿದರೆ ಕಡಿಮೆ ಅಂದ್ರೂ 3 ವರ್ಷ, ಜಾಸ್ತಿ ಅಂದ್ರೆ 7 ವರ್ಷ, ದಂಡ 25 ಸಾವಿರಕ್ಕೆ ಕಡಿಮೆ ಇರಲ್ಲ.

ಇನ್ನೊಂದು ವಿಷಯ ಕೆಲವರಿಗೆ ಗೊತ್ತಿಲ್ಲ. ಮನೇಲಿ ತಾತನ ಕಾಲದ ಬೆಳೆ ರಕ್ಷಣೆಯ ಕೋವಿ ಇದೆ, ಲೈಸೆನ್ಸೂ ಇದೆ ಅಂತಿಟ್ಕೊಳ್ಳಿ. ಅದು ಕೋವಿ ಇಟ್ಟುಕೊಳ್ಳೋಕೆ ಲೈಸೆನ್ಸ್, ಬೇಟೆಗೆ ಅಲ್ಲ. ಪ್ರಾಣಿ ಬೆಳೆ ತಿಂತಿದ್ದರೂ ಅಧಿಕಾರಿಯ ಲಿಖಿತ ಅನುಮತಿ ಇಲ್ಲದೆ ಗುಂಡು ಹಾರಿಸೋ ಹಾಗಿಲ್ಲ.

ಈಗ ಮುಖ್ಯವಾದ ಮಾತು. ನಮ್ಮ ಕಡೆ ಬೇಟೆ ನಿಂತಿದೆಯಾ? ಕಾಗದದಲ್ಲಿ ನಿಂತಿದೆ. ಕಾಡಂಚಿನಲ್ಲಿ ಅದು ಬೈಕಿನ ಕ್ಲಚ್ ವೈರಾಗಿ ಬೇಲಿ ಸಂದಿಯಲ್ಲಿ ಕೂತಿದೆ. ಉರುಲು ಅಂತೀವಲ್ಲ, ಅದೇ. ನೂರು ರೂಪಾಯಿ ಒಳಗಿನ ವೈರು. ಹಾಕಿದವನು ಕಾಡುಹಂದಿಗೆ ಅಂತಲೇ ಹಾಕಿರ್ತಾನೆ. ವೈರಿಗೆ ಹಂದಿ ಯಾವುದು, ಜಿಂಕೆ ಯಾವುದು, ಚಿರತೆ ಯಾವುದು ಗೊತ್ತಾಗಲ್ಲ. ಸಿಕ್ಕಿದ ಪ್ರಾಣಿ ಎಳೆದಷ್ಟೂ ಬಿಗಿಯುತ್ತೆ. ಕೆಲವರು ಹಿಟ್ಟಿನ ಉಂಡೆಯೊಳಗೆ ಸಿಡಿಮದ್ದು ಇಡ್ತಾರೆ. ಅದನ್ನ ಹಸು ಕಚ್ಚಿದರೂ ದವಡೆ ಹಾರಿಹೋಗುತ್ತೆ.

ಇದರ ಇನ್ನೊಂದು ತುದಿಯಲ್ಲಿ ನಮ್ಮಂಥವರು ಇದ್ದೀವಿ. "ಮಗಾ, ಶನಿವಾರ ತೋಟಕ್ಕೆ ಬಾ, ಸ್ಪೆಷಲ್ ಐಟಂ ಇದೆ" ಅಂತ ವಾಟ್ಸಾಪ್ ಬರುತ್ತೆ. ಸ್ಪೆಷಲ್ ಅಂದ್ರೆ ಏನು ಅಂತ ಬಾಯಿಬಿಟ್ಟು ಹೇಳದೇ ಇದ್ರೂ ಅರ್ಥ ಆಗುತ್ತೆ. "ನಾನು ಹೊಡೆದಿಲ್ಲ ಗುರು, ತಿಂದೆ ಅಷ್ಟೆ" ಅನ್ನೋ ಮಾತು ಕಾನೂನಿನ ಮುಂದೆ ನಿಲ್ಲಲ್ಲ. ಅಕ್ರಮವಾಗಿ ಕೊಂದ ಕಾಡುಪ್ರಾಣಿ, ಅದರ ಮಾಂಸ ಸಮೇತ, ಸೆಕ್ಷನ್ 39ರ ಪ್ರಕಾರ ಸರ್ಕಾರದ ಆಸ್ತಿ. ಅನುಮತಿ ಇಲ್ಲದೆ ಅದನ್ನ ಇಟ್ಟುಕೊಳ್ಳೋದೇ ಅಪರಾಧ. ಸಾಗಿಸಿದ ಬೈಕು, ಕಾರು ಜಪ್ತಿಯಾಗುತ್ತೆ. ಕೇಸ್ ಆದರೆ ಕೆಲಸಕ್ಕೆ, ಪಾಸ್‌ಪೋರ್ಟಿಗೆ ಪೊಲೀಸ್ ವೆರಿಫಿಕೇಶನ್ ಬಂದಾಗ ಏನಾಗುತ್ತೆ ಅಂತ ನೀವೇ ಯೋಚನೆ ಮಾಡಿ.

ಕಾನೂನು ಪಕ್ಕಕ್ಕಿಡಿ. ಲೆಕ್ಕ ನೋಡಿ. ಈ ಉರುಲಿನ ಹಿಂದೆ ಯಾವ ಎಣಿಕೆ ಇದೆ? ಈ ಕಾಡಲ್ಲಿ ಎಷ್ಟು ಜಿಂಕೆ ಇದ್ದವು, ಒಂದು ಹೋದರೆ ಎಷ್ಟು ಉಳಿಯುತ್ತೆ, ಗಬ್ಬದ ಹೆಣ್ಣು ಸಿಕ್ಕಿತಾ, ಯಾರೂ ಬರೆದಿಡಲ್ಲ. ಡ್ರಾ ಮಾತ್ರ ಇದೆ, ಡೆಪಾಸಿಟ್ ಇಲ್ಲ. ಅಂಥ ಅಕೌಂಟ್ ಎಷ್ಟು ದಿನ ನಡೆಯುತ್ತೆ?

ಜಿಂಕೆ, ಹಂದಿ ಚಿರತೆಯ ಊಟ. ಕಾಡಲ್ಲಿ ಊಟ ಕಮ್ಮಿಯಾದ ಕಡೆ ಚಿರತೆಗೆ ನಾಯಿ, ಕುರಿಯೇ ಗತಿ, ಅವು ಇರೋದು ಊರಲ್ಲಿ. 2020ರ ಮೇ ತಿಂಗಳಲ್ಲಿ ಮಾಗಡಿ ತಾಲ್ಲೂಕಿನಲ್ಲಿ ಚಿರತೆ ದಾಳಿಗೆ ಮೂರು ವರ್ಷದ ಮಗು ಬಲಿಯಾಯ್ತು. ಆ ಒಂದು ಸಾವಿಗೆ ಇದೇ ಕಾರಣ ಅಂತ ನಾನು ಹೇಳ್ತಾ ಇಲ್ಲ. ಆದರೆ ಚಿರತೆ ಜೊತೆ ಬೇಲಿ ಹಂಚಿಕೊಂಡು ಬದುಕೋ ಊರುಗಳು ನಮ್ಮವು. ಅದರ ತಟ್ಟೆಗೆ ಕೈ ಹಾಕೋ ಮುಂಚೆ ಇದು ನೆನಪಿರಲಿ.

ಸರಿ, ಈಗ ಪ್ಲ್ಯಾನ್. ಮ್ಯೂಲ್ ಡಿಯರ್ ಬೇಟೆಗಾರರು ಗುಂಡು ಹಾರಿಸೋದು ಒಂದು ಕ್ಷಣ. ಅದಕ್ಕೆ ಮುಂಚೆ ಮ್ಯಾಪ್ ನೋಡೋದು, ಗಾಳಿ ನೋಡೋದು, ಹೆಜ್ಜೆ ಓದೋದು, ಗಂಟೆಗಟ್ಟಲೆ ಸುಮ್ಮನೆ ಕೂರೋದು. ಆ ಕ್ಷಣ ಒಂದನ್ನ ಬಿಟ್ಟು ಉಳಿದಿದ್ದೆಲ್ಲ ನಮಗೂ ಸಿಗುತ್ತೆ, ಲೈಸೆನ್ಸ್ ಇಲ್ಲದೆ.

ಜಾಗ. ನಮ್ಮ ಕಡೆ ಜಿಂಕೆ ನೋಡೋಕೆ ಕಾವೇರಿ ವನ್ಯಜೀವಿ ಅಭಯಾರಣ್ಯ. 1987ರಲ್ಲಿ ಘೋಷಣೆ ಆಯ್ತು, 2013ರಲ್ಲಿ ವಿಸ್ತರಿಸಿದ ಮೇಲೆ ಸುಮಾರು 1,027 ಚದರ ಕಿಲೋಮೀಟರ್. ಕನಕಪುರದಿಂದ ದೊಡ್ಡಆಲಹಳ್ಳಿ ಮೇಲೆ ಸಂಗಮಕ್ಕೆ ಹೋಗೋ ರಸ್ತೆ ಒಂದು. ಸಾತನೂರು, ಹಲಗೂರು ಮೇಲೆ ಮುತ್ತತ್ತಿ, ಭೀಮೇಶ್ವರಿ ಕಡೆಗೆ ಇನ್ನೊಂದು. ಚನ್ನಪಟ್ಟಣದವರು ನೇರ ಸಾತನೂರಿಗೆ ಬಂದು ಸೇರಿಕೊಳ್ಳಬಹುದು. ರಸ್ತೆ ಸಾರ್ವಜನಿಕ, ಕಾಡು ಹಾಗಲ್ಲ. ರಸ್ತೆ ಬಿಟ್ಟು ಒಳಗೆ ಕಾಲಿಡೋಕೆ ಇಲಾಖೆಯ ಅನುಮತಿ ಬೇಕು. ಚೆಕ್‌ಪೋಸ್ಟ್‌ನಲ್ಲಿ ಸಮಯ ಕೇಳಿಕೊಂಡೇ ಮುಂದೆ ಹೋಗಿ.

ಕಾಲ. ಫೆಬ್ರವರಿಯಿಂದ ಮೇವರೆಗೆ ಎಲೆ ಉದುರಿ ಕಾಡು ತೆರೆದಿರುತ್ತೆ, ಒಳಗಿನ ಹಳ್ಳಕೊಳ್ಳ ಒಣಗಿ ಪ್ರಾಣಿಗಳು ಹೊಳೆ ಕಡೆ ಬರ್ತವೆ. ಬೆಳಕು ಹರಿದ ಮೇಲಿನ ಎರಡು ಗಂಟೆ ಒಳ್ಳೆಯದು. ಸಂಜೆನೂ ಆಗುತ್ತೆ, ಆದರೆ ಕತ್ತಲಾಗೋ ಮುಂಚೆ ಕಾಡಿಂದ ಹೊರಗಿರಬೇಕು. ಇದು ಆನೆ ಓಡಾಡೋ ಸೀಮೆ. ಕನಕಪುರ, ಚನ್ನಪಟ್ಟಣದ ರೈತರನ್ನ ಕೇಳಿ, ರಾತ್ರಿ ಆನೆ ಎದುರಾದರೆ ಬೈಕಿನ ಸ್ಪೀಡು ಎಷ್ಟು ಕೆಲಸಕ್ಕೆ ಬರುತ್ತೆ ಅಂತ.

ಸಾಮಾನು. ಬೈನಾಕ್ಯುಲರ್ ಮೇಲೆ 8×42 ಅಂತ ಬರೆದಿದ್ದರೆ ಎಂಟು ಪಟ್ಟು ಹತ್ತಿರ ಕಾಣುತ್ತೆ, ಮುಂದಿನ ಗಾಜಿನ ಅಗಲ 42 ಮಿಲಿಮೀಟರ್ ಅಂತ ಅರ್ಥ. ಮುಂಜಾನೆಯ ಮಬ್ಬಿಗೆ ಅದು ಸಾಕು. ಕೊಳ್ಳೋ ಅವಸರ ಬೇಡ, ಮೊದಲ ಸಲ ಯಾರದಾದರೂ ಇಸ್ಕೊಳ್ಳಿ. ಹಸಿರು ಅಥವಾ ಮಣ್ಣಿನ ಬಣ್ಣದ ಬಟ್ಟೆ, ನೀರು, ಒಂದು ಪುಟ್ಟ ನೋಟ್‌ಬುಕ್. ಸೆಂಟು ಬೇಡ, ಬ್ಲೂಟೂತ್ ಸ್ಪೀಕರ್ ಬೇಡವೇ ಬೇಡ.

ಅಭ್ಯಾಸ. ಮೊದಲ ದಿನವೇ ಕಾವೇರಿಗೆ ಓಡಬೇಡಿ. ಒಂದು ಭಾನುವಾರ ರಾಮದೇವರ ಬೆಟ್ಟಕ್ಕೆ ಹೋಗಿ. 2012ರಲ್ಲಿ ರಣಹದ್ದು ವನ್ಯಧಾಮ ಅಂತ ಘೋಷಣೆಯಾದ ಜಾಗ, ಶೋಲೆ ಶೂಟಿಂಗ್ ಆಗಿದ್ದೂ ಅಲ್ಲೇ. ಅಲ್ಲಿ ಜಿಂಕೆ ಹುಡುಕೋದಲ್ಲ, ಬಂಡೆಯನ್ನೇ ಇಂಚಿಂಚಾಗಿ ನೋಡೋದು ಕಲಿಯಿರಿ. ಎಡದಿಂದ ಬಲಕ್ಕೆ, ಒಂದು ಸಾಲು ಕೆಳಗೆ, ಮತ್ತೆ ಬಲದಿಂದ ಎಡಕ್ಕೆ. ಹತ್ತು ನಿಮಿಷ ಏನೂ ಕಾಣದೇ ಇದ್ರೂ ಫೋನ್ ಮುಟ್ಟದೆ ಕೂರೋಕೆ ಬಂದರೆ ಅರ್ಧ ಬೇಟೆಗಾರ ಆದ್ರಿ ಅಂತ ಅರ್ಥ.

ಗಾಳಿ. ಜಿಂಕೆಗೆ ಕಣ್ಣಿಗಿಂತ ಮೊದಲು ಮೂಗು. ಒಂದು ಚಿಟಿಕೆ ಪೌಡರ್ ಮೇಲಿಂದ ಉದುರಿಸಿ ನೋಡಿ. ಅದು ನಿಮ್ಮಿಂದ ಜಿಂಕೆ ಕಡೆ ಹಾರಿದರೆ ಜಾಗ ಬದಲಾಯಿಸಿ, ನಿಮ್ಮ ಮುಖಕ್ಕೇ ಬಂದರೆ ಸರಿಯಾದ ಜಾಗ.

ಕಿವಿ. ಮುಸುವ ಮರದ ಮೇಲಿದ್ದರೆ ಕೆಳಗೆ ನೋಡಿ. ಅದು ತಿಂದು ಬಿಸಾಡೋ ಎಲೆ, ಕಾಯಿಗೆ ಜಿಂಕೆ ಹಿಂಡು ಬಂದಿರುತ್ತೆ. ಮೇಲಿಂದ ಮುಸುವ ಕಾವಲು, ಕೆಳಗಿಂದ ಜಿಂಕೆ ಕಾವಲು. ಎರಡೂ ಒಟ್ಟಿಗೆ ಕೂಗಿಕೊಂಡರೆ ಹತ್ತಿರದಲ್ಲಿ ಚಿರತೆ ಇರಬಹುದು. ಅಲ್ಲಿಂದ ಸದ್ದಿಲ್ಲದೆ ಹೊರಡಿ.

ಗುರುತು. ಮೈತುಂಬ ಬಿಳಿ ಚುಕ್ಕೆ ಇದ್ದರೆ ಚುಕ್ಕೆ ಜಿಂಕೆ. ಅದಕ್ಕಿಂತ ದೊಡ್ಡದು, ಕಂದು ಬಣ್ಣ, ಚುಕ್ಕೆ ಇಲ್ಲ, ಒಂಟಿಯಾಗಿ ಅಥವಾ ಎರಡು ಮೂರು ಇದ್ದರೆ ಕಡವೆ. ಗಂಡು ಜಿಂಕೆಯ ಕೊಂಬಿಗೆ ಸಾಮಾನ್ಯವಾಗಿ ಮೂರು ಕವಲು. ಒಂದೇ ಹಿಂಡಲ್ಲಿ ಒಂದರ ಕೊಂಬು ಗಟ್ಟಿಯಾಗಿ, ಇನ್ನೊಂದರದು ಮಖಮಲ್ಲು ಹೊದ್ದ ಹಾಗೆ ಇರಬಹುದು. ಉದುರಿದ ಕೊಂಬು ಕಂಡರೆ ಅಲ್ಲೇ ಬಿಡಿ, ಮನೆ ಗೋಡೆಗೆ ತರಬೇಡಿ.

ನೋಟ್‌ಬುಕ್‌ನಲ್ಲಿ ದಿನ, ಸಮಯ, ಜಾಗ, ಎಷ್ಟು ಹೆಣ್ಣು, ಎಷ್ಟು ಗಂಡು, ಎಷ್ಟು ಮರಿ ಬರೆಯಿರಿ. ಇನ್ನೊಂದು ವರ್ಷ ಅದೇ ತಿಂಗಳು ಅದೇ ಜಾಗಕ್ಕೆ ಹೋಗಿ ಮತ್ತೆ ಬರೆಯಿರಿ. ಈಗ ನಿಮ್ಮ ಹತ್ತಿರವೂ ಒಂದು ಲೆಡ್ಜರ್ ಇದೆ. ಉರುಲು ಹಾಕಿದವನ ಹತ್ತಿರ ಇಲ್ಲದೇ ಇರೋದು ಅದೇ.

ಮಾಡಬಾರದ್ದು ಕೂಡ ಹೇಳಿಬಿಡ್ತೀನಿ. ಪ್ರಾಣಿ ಕೆಣಕೋದು, ಕಸ ಎಸೆಯೋದು, ಬೆಂಕಿ ಹಾಕೋದು, ಅನುಮತಿ ಇಲ್ಲದೆ ಆಯುಧ ಒಯ್ಯೋದು, ಅಭಯಾರಣ್ಯದಲ್ಲಿ ಇವೆಲ್ಲ ಅಪರಾಧ. ಸಂಗಮ, ಮೇಕೆದಾಟು, ಮುತ್ತತ್ತಿಯಲ್ಲಿ ನೀರಿಗೆ ಇಳಿಯಬೇಡಿ. ಮೇಲೆ ಶಾಂತವಾಗಿ ಕಾಣೋ ನೀರಿನ ಕೆಳಗೆ ಸುಳಿ ಇದೆ, ಮೊಸಳೆನೂ ಇದೆ. ಈಜು ಬರೋ ಹುಡುಗರೇ ಅಲ್ಲಿ ಸತ್ತಿದ್ದಾರೆ. ಜಿಂಕೆ ಫೋಟೋ ಹಾಕುವಾಗ ಲೊಕೇಶನ್ ಹಾಕಬೇಡಿ. ನಿಮ್ಮ ಫಾಲೋಯರ್ಸ್ ಎಲ್ಲರ ಕೈಯಲ್ಲೂ ನೋಟ್‌ಬುಕ್ ಇರಲ್ಲ, ಕೆಲವರ ಕೈಯಲ್ಲಿ ವೈರೂ ಇರಬಹುದು.

ಉರುಲು ಕಂಡರೆ, ಪ್ರಾಣಿ ಸಿಕ್ಕಿಕೊಂಡಿದ್ದು ಕಂಡರೆ ಹತ್ತಿರ ಹೋಗಬೇಡಿ. ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ, ಜಾಗದ ಗುರುತು ಹೇಳಿ. ತೋಟದ ಪಾರ್ಟಿಯ ಮೆಸೇಜ್ ಬಂದರೆ ಭಾಷಣ ಮಾಡಬೇಕಾಗಿಲ್ಲ. "ಕೋಳಿ ಮಾಡಿದ್ರೆ ಬರ್ತೀನಿ ಮಗಾ" ಅನ್ನಿ, ಸಾಕು. ನಾಲ್ಕು ಜನ ಹೀಗಂದರೆ ಆ ಮಾಂಸಕ್ಕೆ ಗಿರಾಕಿ ಇರಲ್ಲ, ಗಿರಾಕಿ ಇಲ್ಲದ ಮಾಲಿಗೆ ಯಾರೂ ವೈರು ಕಟ್ಟಲ್ಲ.

ಮೊದಲ ಸಲ ಹೋದಾಗ ಜಿಂಕೆ ಕಾಣದೇ ಇರಬಹುದು. ಅಮೆರಿಕದಲ್ಲೂ ಲೈಸೆನ್ಸ್ ಸಿಕ್ಕಿದವರಲ್ಲಿ ಎಷ್ಟೋ ಜನ ಖಾಲಿ ಕೈಯಲ್ಲೇ ಮನೆಗೆ ಬರ್ತಾರೆ. ವ್ಯತ್ಯಾಸ ಏನಂದ್ರೆ, ಅವರಿಗೆ ಆ ಸೀಸನ್ ಮುಗಿದುಹೋಗಿರುತ್ತೆ. ನೀವು ಮುಂದಿನ ವಾರವೇ ಮತ್ತೆ ಹೋಗಬಹುದು.

ನಿಮ್ಮ ನೋಟ್‌ಬುಕ್‌ನ ಮೊದಲ ಪುಟದಲ್ಲಿ ಏನು ಬರೆದ್ರಿ ಅಂತ ನನಗೆ ಒಂದು ವಾಯ್ಸ್ ಮೆಸೇಜ್ ಕಳಿಸಿ. ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ಹುಷಾರು, ಹೆಲ್ಮೆಟ್ ಹಾಕ್ಕೊಳ್ಳಿ.