ಕಡಲಿಗೆ ರಸ್ತೆಯ ದರ

ಸ್ಕಾಟ್ಲೆಂಡಿನ ಪಶ್ಚಿಮಕ್ಕಿರುವ ಬಾರಾ ದ್ವೀಪದವರು ಮುಖ್ಯ ಭೂಭಾಗದ ಓಬನ್ ಬಂದರಿಗೆ ಬರಲು ಹಡಗಿನಲ್ಲಿ ಸುಮಾರು 5 ಗಂಟೆ ಕೂರಬೇಕು. ಹಡಗಿನ ಖರ್ಚನ್ನೆಲ್ಲ ಆ ಕೆಲವೇ ಪ್ರಯಾಣಿಕರ ಮೇಲೆ ಹೇರಿದರೆ ದ್ವೀಪವೇ ಖಾಲಿಯಾದೀತು! ಹಾಗಾದರೆ ಟಿಕೆಟ್ಟಿಗೆ ಎಷ್ಟು ಕೇಳಬೇಕು?

ಅಲ್ಲಿನ ಸರ್ಕಾರ 2008ರಲ್ಲಿ ಪ್ರಯೋಗಕ್ಕಿಳಿಸಿ, 2015ರ ವೇಳೆಗೆ ಪಶ್ಚಿಮ ತೀರಕ್ಕೆಲ್ಲ ವಿಸ್ತರಿಸಿದ ಲೆಕ್ಕ ಸರಳವಾದುದು. ಅಷ್ಟು ದೂರ ರಸ್ತೆಯಲ್ಲಿ ಸಾಗಿದ್ದರೆ ಎಷ್ಟು ಖರ್ಚಾಗುತ್ತಿತ್ತೋ ಅಷ್ಟು, ಜೊತೆಗೊಂದು ನಿಗದಿತ ಮೊತ್ತ. ಮಿಕ್ಕದ್ದು ಸರ್ಕಾರದ ಸಹಾಯಧನ.

ದರ ಇಳಿಯಿತು. ಪ್ರವಾಸಿಗರೂ ಕಾರು ಸಮೇತ ಬರತೊಡಗಿದರು. ರಸ್ತೆಯಾದರೆ ಇನ್ನೊಂದು ಕಾರು ಹೇಗೋ ಹಿಡಿಸೀತು. ಹಡಗಿನಲ್ಲಿ ಹಿಡಿಸುವುದು ಇಂತಿಷ್ಟೇ. (ನನಗಂತೂ ನಮ್ಮ ಜಾತ್ರೆಯ ಬಸ್ಸುಗಳೇ ನೆನಪಾಗುತ್ತವೆ.) ಬೇಸಿಗೆಯಲ್ಲಿ ದ್ವೀಪದವರಿಗೇ ತಮ್ಮ ವಾಹನಕ್ಕೆ ಜಾಗ ಸಿಗದೆ ದಡದಲ್ಲಿ ಉಳಿಯಬೇಕಾದದ್ದುಂಟು.