ಟೈಡಿ ಪದಕ್ಕೂ ಕಡಲಿಗೂ ನಂಟು

ಮಕ್ಕಳೇ, ಪುಸ್ತಕಗಳನ್ನು ಓರಣವಾಗಿ ಜೋಡಿಸಿಟ್ಟರೆ ಟೀಚರ್ ‘ಟೈಡಿ’ ಎಂದು ಮೆಚ್ಚುತ್ತಾರೆ. ಕಡಲಿನ ಉಬ್ಬರವಿಳಿತಕ್ಕೆ ಇಂಗ್ಲಿಷಿನಲ್ಲಿ ‘ಟೈಡ್’ ಎನ್ನುತ್ತಾರೆ. ಈ ಎರಡೂ ಪದಗಳು ಒಂದೇ ತಾಯಿಯ ಮಕ್ಕಳು! ಸಾವಿರ ವರ್ಷಗಳ ಹಿಂದಿನ ಇಂಗ್ಲಿಷಿನಲ್ಲಿ ‘ಟೀಡ್’ ಎಂಬ ಪದವಿತ್ತು. ಅದರ ಅರ್ಥ ಹೊತ್ತು, ಕಾಲ. ಜರ್ಮನರು ಕಾಲಕ್ಕೆ ಹೇಳುವ ‘ತ್ಸೈಟ್’ ಅದರ ದಾಯಾದಿ.

13ನೆಯ ಶತಮಾನದ ಇಂಗ್ಲೆಂಡಿನಲ್ಲಿ ಟೈಡಿ ಎಂದರೆ ‘ಸಕಾಲಕ್ಕೆ ಆದದ್ದು’. ಹೊತ್ತಿಗೆ ಸರಿಯಾಗಿ ಆದದ್ದು ಚೆನ್ನಾಗಿಯೂ ಇರುತ್ತದಲ್ಲವೇ? ಹಾಗಾಗಿ ‘ಚೆನ್ನಾಗಿರುವ’, ‘ಮೈಕೈ ತುಂಬಿಕೊಂಡ’ ಎಂಬ ಅರ್ಥಗಳೂ ಸೇರಿಕೊಂಡವು. ಅಚ್ಚುಕಟ್ಟು ಎಂಬ ಅರ್ಥ ಬಳಕೆಗೆ ಬಂದದ್ದು 18ನೆಯ ಶತಮಾನದ ಹೊತ್ತಿಗೆ.

ಕಾಲದ ಹೆಸರು ಕಡಲಿಗೆ ಅಂಟಿಕೊಂಡ ಬಗೆ ನನಗೆ ಇನ್ನೂ ಇಷ್ಟ. ಲಂಡನ್ನಿನ ಥೇಮ್ಸ್ ನದಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನೀರಿನ ಮಟ್ಟ 6 ಮೀಟರಿಗೂ ಹೆಚ್ಚು ವ್ಯತ್ಯಾಸವಾಗುವುದುಂಟು, ಎರಡು ಅಂತಸ್ತಿನ ಮನೆಯಷ್ಟು! ಹಿಂದೆ ಹಾಯಿಹಡಗಿನವರು ಆ ಹೊತ್ತಿಗಾಗಿ ಕಾದು, ನೀರು ಏರಿದಾಗ ಬಂದರು ಸೇರುತ್ತಿದ್ದರು. ಹೊತ್ತು ತಪ್ಪದೆ ಬರುವ ನೀರಿಗೆ ಹೊತ್ತಿನ ಹೆಸರೇ ನಿಂತಿತು.

ನೀರಿಗೆ ಹೊತ್ತು ತಿಳಿಸುವವನು ಮುಖ್ಯವಾಗಿ ಚಂದ್ರ. ತನ್ನ ಕಡೆಗಿರುವ ಸಮುದ್ರದ ನೀರನ್ನು ಅವನು ಹೆಚ್ಚು ಬಲವಾಗಿ ಸೆಳೆಯುತ್ತಾನೆ, ಅಲ್ಲಿ ನೀರು ಉಬ್ಬುತ್ತದೆ. ಭೂಮಿಯ ಆಚೆ ಬದಿಯ ನೀರು ದೂರವಿರುವುದರಿಂದ ಅದರ ಮೇಲೆ ಸೆಳೆತ ಕಡಿಮೆ. ಅದು ಹಿಂದೆ ಉಳಿದು ಅಲ್ಲೂ ಇನ್ನೊಂದು ಉಬ್ಬು ಏಳುತ್ತದೆ. ಭೂಮಿ ತಿರುಗುವಾಗ ದಡಗಳು ಈ ಎರಡೂ ಉಬ್ಬುಗಳನ್ನು ಹಾದುಹೋಗುತ್ತವೆ. ಅದಕ್ಕೇ ಹೆಚ್ಚಿನ ಕಡೆ ದಿನಕ್ಕೆ ಎರಡು ಉಬ್ಬರ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯನೂ ಕೈಜೋಡಿಸುತ್ತಾನೆ, ಆಗ ಉಬ್ಬರ ಜೋರು.

ಭೂಮಿ ಒಂದು ಸುತ್ತು ಮುಗಿಸುವಷ್ಟರಲ್ಲಿ ಚಂದ್ರನೂ ತನ್ನ ದಾರಿಯಲ್ಲಿ ತುಸು ಮುಂದೆ ಸಾಗಿರುತ್ತಾನೆ. ಅವನ ಎದುರಿಗೆ ಮತ್ತೆ ಬರಲು ಭೂಮಿಗೆ ಇನ್ನೂ ಸುಮಾರು 50 ನಿಮಿಷ ಬೇಕು. ಹೀಗಾಗಿ ಇವತ್ತು ಬೆಳಿಗ್ಗೆ 6ಕ್ಕೆ ಉಬ್ಬರವಾದರೆ, ಮುಂದಿನದು ಸಂಜೆ 6.25ರ ಸುಮಾರಿಗೆ, ನಾಳೆ ಬೆಳಗಿನದು 6.50ರ ಸುಮಾರಿಗೆ.

ಕಾರವಾರವೋ ಮಲ್ಪೆಯೋ ನಿಮ್ಮೂರಾಗಿದ್ದರೆ, ದೊಡ್ಡವರ ಜೊತೆ ಹೋಗಿ ಬೆಳಗಿನ ಉಬ್ಬರದ ಹೊತ್ತನ್ನು ನಾಲ್ಕು ದಿನ ಬರೆದಿಡಿ. ಅದು ದಿನದಿನಕ್ಕೆ ಎಷ್ಟು ತಡವಾಗುತ್ತದೆ ಎಂದು ನೀವೇ ಲೆಕ್ಕ ಹಾಕಿ ನೋಡಿ.