ಕಾರ್ಡು ಕಂಪೆನಿಯದು, ಕಾಯಿಲೆ ನಮ್ಮದು

(ವಾರ್ಷಿಕ ಸಮಾವೇಶದಲ್ಲಿ ವಿದ್ಯಾರ್ಥಿಗಳಿಗೂ ಪೋಷಕರಿಗೂ ನೀಡಿದ ಉಪನ್ಯಾಸದ ಬರಹ ರೂಪ)



ಉರ್ದು, ಕನ್ನಡ ಪಾಠ ಮಾಡುವವರಿಗೆ ಆರೋಗ್ಯ ವಿಮೆಯ ವಿಷಯವೇಕೆ ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಕಾರಣ ಸರಳ. ಈ ಸಭೆಯಲ್ಲಿ ಕುಳಿತಿರುವ ಮಕ್ಕಳಲ್ಲಿ ಅನೇಕರ ಅಬ್ಬಾ, ಚಾಚಾ, ಮಾಮೂ, ಭಾಯಿ ಯಾರಾದರೊಬ್ಬರು ಸೌದಿಯಲ್ಲೋ ದುಬೈಯಲ್ಲೋ ಕುವೈತಿನಲ್ಲೋ ದುಡಿಯುತ್ತಿದ್ದಾರೆ. ಭಟ್ಕಳದಿಂದ ಮಂಗಳೂರಿನವರೆಗೆ ಕರಾವಳಿಯ ಎಷ್ಟೋ ಮನೆಗಳ ಅಡಿಗೆ ಒಲೆ ಗಲ್ಫಿನ ದುಡಿಮೆಯಿಂದ ಉರಿಯುತ್ತದೆ. ನಿಮ್ಮಲ್ಲೂ ಹಲವರು ನಾಳೆ ಹೊರಡುವವರೇ. ಹೊರಡುವ ದಿನ ಮನೆಯವರೆಲ್ಲ ಸೇರಿ ಪಾಸ್‌ಪೋರ್ಟ್, ವೀಸಾ, ಟಿಕೆಟ್ಟನ್ನು ಮೂರು ಮೂರು ಸಲ ನೋಡುತ್ತಾರೆ. ಉಪ್ಪಿನಕಾಯಿ ಸೋರದಂತೆ ಕಟ್ಟಿ ಕೊಡುತ್ತಾರೆ. "ಅಲ್ಲಿ ಜ್ವರ ಬಂದರೆ ಯಾವ ಆಸ್ಪತ್ರೆಗೆ ಹೋಗುತ್ತೀಯಾ, ದುಡ್ಡು ಯಾರು ಕೊಡುತ್ತಾರೆ?" ಎಂದು ಕೇಳುವವರು ಮಾತ್ರ ಕಡಿಮೆ.

ಮೊದಲು ಒಂದು ಪದದ ಪಾಠ. ನಮ್ಮ ಕನ್ನಡದ 'ವಿಮೆ' ಉರ್ದುವಿನ 'ಬೀಮಾ' ಪದದ ರೂಪಾಂತರ. ಅರಬ್ಬಿಯಲ್ಲಿ ಇದಕ್ಕೆ 'ತಅಮೀನ್' ಎನ್ನುತ್ತಾರೆ. ಅಮನ್, ಅಮಾನತ್ ಎಂಬ ಪದಗಳು ಹುಟ್ಟಿದ ಧಾತುವೇ ಇದಕ್ಕೂ ಮೂಲ. ನೆಮ್ಮದಿ, ನಂಬಿಕೆ ಎಂಬ ಭಾವ ಅದರಲ್ಲಿದೆ. ಉರ್ದು ಓದಬಲ್ಲ ಮಕ್ಕಳು ಗಲ್ಫಿನ ಆಸ್ಪತ್ರೆಯ ಕೌಂಟರಿನಲ್ಲಿ ಈ ಪದವನ್ನು ಗುರುತಿಸಬಲ್ಲರು. ಆದರೆ ಪದ ಗುರುತಿಸಿದರೆ ಸಾಲದು, ಅದರ ಹಿಂದಿರುವ ನಿಯಮವನ್ನೂ ತಿಳಿಯಬೇಕು.

ಗಲ್ಫಿನ ಹಲವು ದೇಶಗಳಲ್ಲಿ ಇಂದು ಆರೋಗ್ಯ ವಿಮೆ ಮಾಲೀಕನ ದಯೆಯಲ್ಲ, ಕಾನೂನು. ಸೌದಿ ಅರೇಬಿಯಾ 1999ರಲ್ಲಿ ಸಹಕಾರಿ ಆರೋಗ್ಯ ವಿಮಾ ಕಾನೂನು ತಂದಿತು. ಅದರಂತೆ ಖಾಸಗಿ ಕಂಪೆನಿ ತನ್ನ ನೌಕರನಿಗೂ, ಅವನೊಂದಿಗೆ ಇಕಾಮಾದಲ್ಲಿರುವ ಹೆಂಡತಿ ಮಕ್ಕಳಿಗೂ ವಿಮೆ ಮಾಡಿಸಬೇಕು. ಅಬುಧಾಬಿಯಲ್ಲಿ 2005ರ ಕಾನೂನು, ದುಬೈಯಲ್ಲಿ 2013ರ ಕಾನೂನು ಇದೇ ಕೆಲಸ ಮಾಡಿದವು. ಶಾರ್ಜಾ, ಅಜ್ಮಾನ್, ರಾಸ್ ಅಲ್ ಖೈಮಾ, ಫುಜೈರಾ, ಉಮ್ಮುಲ್ ಕುವೈನ್ ಈ ಐದು ಎಮಿರೇಟ್‌ಗಳಲ್ಲಿ ಖಾಸಗಿ ನೌಕರರಿಗೂ ಮನೆಗೆಲಸದವರಿಗೂ 2025ರ ಜನವರಿ 1ರಿಂದ ವಿಮೆ ಕಡ್ಡಾಯವಾಯಿತು. ನೌಕರನ ವಿಮೆಯ ಕಂತನ್ನು ಮಾಲೀಕನೇ ಭರಿಸಬೇಕು. ಸಂಬಳದಿಂದ ಮುರಿದುಕೊಳ್ಳುವಂತಿಲ್ಲ. ಆದರೆ ಹೆಂಡತಿ ಮಕ್ಕಳ ವಿಷಯದಲ್ಲಿ ಊರಿಂದೂರಿಗೆ ವ್ಯತ್ಯಾಸವಿದೆ. ಅಬುಧಾಬಿಯಲ್ಲಿ ಹೆಂಡತಿ ಮತ್ತು 18 ವರ್ಷದೊಳಗಿನ ಮೂವರು ಮಕ್ಕಳ ಹೊಣೆಯೂ ಮಾಲೀಕನದು. ದುಬೈಯಲ್ಲಿ ಅವರನ್ನು ಕರೆಸಿಕೊಂಡ ನೌಕರನೇ ವಿಮೆ ಮಾಡಿಸಬೇಕು.

ಇದು ಗೊತ್ತಿಲ್ಲದಿದ್ದರೆ ಏನಾಗುತ್ತದೆ? ಉದಾಹರಣೆಗೆ ಈ ಐದು ಎಮಿರೇಟ್‌ಗಳ ಕನಿಷ್ಠ ವಿಮೆಯನ್ನೇ ನೋಡೋಣ. ವರ್ಷಕ್ಕೆ 320 ದಿರ್ಹಮ್‌ನಿಂದ ಅದರ ಕಂತು ಆರಂಭ. ಆಸ್ಪತ್ರೆಯಲ್ಲಿ ದಾಖಲಾದರೆ ಬಿಲ್ಲಿನ ಶೇಕಡಾ 20ನ್ನು ರೋಗಿ ಕೊಡಬೇಕು. ಆದರೆ ಒಂದು ಸಲಕ್ಕೆ 500 ದಿರ್ಹಮ್, ವರ್ಷಕ್ಕೆ 1,000 ದಿರ್ಹಮ್ ಮೀರುವಂತಿಲ್ಲ. ಈಗ ಲೆಕ್ಕ ಮಾಡಿ. ಬಿಲ್ಲು 10,000 ದಿರ್ಹಮ್ ಆಯಿತು ಎನ್ನಿ. ಶೇಕಡಾ 20 ಎಂದರೆ 2,000. ಮಿತಿ ಇರುವುದರಿಂದ ಆತ ಕೊಡಬೇಕಾದದ್ದು 500 ಮಾತ್ರ. ಈ ಲೆಕ್ಕ ತಿಳಿಯದವನು ಎದೆನೋವನ್ನು ಗ್ಯಾಸ್ ಎಂದುಕೊಂಡು ರೂಮಿನಲ್ಲೇ ಮಲಗುತ್ತಾನೆ. ಬಿಲ್ಲಿಗೆ ಹೆದರಿ ಆಸ್ಪತ್ರೆಗೆ ಹೋಗದೆ ಉಳಿಯುವುದು ಕಾಯಿಲೆಗಿಂತ ದೊಡ್ಡ ಅಪಾಯ.

ಹಾಗೆಂದು ಕಾರ್ಡು ಇದ್ದರೆ ಎಲ್ಲವೂ ಉಚಿತವೆಂದು ತಿಳಿಯಬೇಡಿ. ಪ್ರತಿ ಕಾರ್ಡಿಗೂ ಅದರದೇ ಆಸ್ಪತ್ರೆಗಳ ಪಟ್ಟಿ ಇರುತ್ತದೆ. ಇದನ್ನು ನೆಟ್‌ವರ್ಕ್ ಎನ್ನುತ್ತಾರೆ. ತುರ್ತು ಸಂದರ್ಭ ಬಿಟ್ಟು ಬೇರೆ ಆಸ್ಪತ್ರೆಗೆ ಹೋದರೆ ಹಣ ಕೈಯಿಂದ ಹೋಗಬಹುದು. ದೊಡ್ಡ ಪರೀಕ್ಷೆ, ಶಸ್ತ್ರಚಿಕಿತ್ಸೆಗಳಿಗೆ ವಿಮಾ ಕಂಪೆನಿಯ ಪೂರ್ವಾನುಮತಿ ಬೇಕು. ವರ್ಷದ ಒಟ್ಟು ಮಿತಿ ಇರುತ್ತದೆ. ದುಬೈಯ ಕನಿಷ್ಠ ಯೋಜನೆಯಲ್ಲಿ ಅದು 1,50,000 ದಿರ್ಹಮ್. ಕೆಲವು ಯೋಜನೆಗಳಲ್ಲಿ ಹಳೆಯ ಕಾಯಿಲೆಗೆ ಆರಂಭದ ಕೆಲವು ತಿಂಗಳು ಚಿಕಿತ್ಸೆ ಸಿಗುವುದಿಲ್ಲ. ಇದೆಲ್ಲ ಕಾರ್ಡಿನ ಜೊತೆ ಬರುವ ಕಾಗದದಲ್ಲಿ ಬರೆದಿರುತ್ತದೆ. ಓದುವುದು ನಮ್ಮ ಕೆಲಸ.

ಓದಿನ ಮಾತು ಬಂದದ್ದರಿಂದ ಒಂದು ವಿಚಿತ್ರ ಸಂಗತಿಯನ್ನು ನಿಮ್ಮ ಗಮನಕ್ಕೆ ತರುತ್ತೇನೆ. ಹತ್ತನೆಯ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇ.ಸಿ.ಆರ್. ವರ್ಗದ್ದು. ಅಂಥವರು ಗಲ್ಫ್ ದೇಶಗಳೂ ಸೇರಿ 18 ದೇಶಗಳಿಗೆ ಕೆಲಸಕ್ಕೆ ಹೋಗಬೇಕಾದರೆ ಸರಕಾರದ ಅನುಮತಿ ಬೇಕು. ಅದರೊಂದಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆ ಕಡ್ಡಾಯ. 2003ರಲ್ಲಿ ಆರಂಭವಾದ, 2017ರಲ್ಲಿ ಪರಿಷ್ಕರಣೆಗೊಂಡ ಈ ಯೋಜನೆಯಲ್ಲಿ ಎರಡು ವರ್ಷಕ್ಕೆ 275 ರೂಪಾಯಿ, ಮೂರು ವರ್ಷಕ್ಕೆ 375 ರೂಪಾಯಿ ಕಂತು. ಅಪಘಾತದಲ್ಲಿ ಮರಣ ಅಥವಾ ಶಾಶ್ವತ ಅಂಗವೈಕಲ್ಯ ಉಂಟಾದರೆ 10 ಲಕ್ಷ ರೂಪಾಯಿ ಸಿಗುತ್ತದೆ. ಚಿಕಿತ್ಸೆಗೂ ಒಂದು ಮಿತಿಯವರೆಗೆ ನೆರವಿದೆ. ನಮ್ಮ ಶಾಲೆಯ ಮಕ್ಕಳು ಎಸ್ಸೆಸ್ಸೆಲ್ಸಿ ಪಾಸಾಗುತ್ತಾರೆ, ಅಲ್ಹಮ್ದುಲಿಲ್ಲಾಹ್. ಆದ್ದರಿಂದ ಅವರಿಗೆ ಆ ಅನುಮತಿ ಬೇಡ. ಅನುಮತಿಯ ಜೊತೆಗಿದ್ದ ವಿಮೆಯ ಕಡ್ಡಾಯವೂ ಇಲ್ಲ. ಓದದವನ ಕೈ ಹಿಡಿದು ಸರಕಾರ ವಿಮೆ ಮಾಡಿಸುತ್ತದೆ. ಓದಿದವನು ತಾನೇ ತಿಳಿದು ಮಾಡಿಕೊಳ್ಳುತ್ತಾನೆಂದು ಬಿಟ್ಟುಬಿಡುತ್ತದೆ. ಹಾಗೆ ಮಾಡಿಕೊಳ್ಳದೆ ಹೋದರೆ ನಾವು ಕಲಿಸಿದ ಅಕ್ಷರ ಅವನಿಗೆ ಏನು ಕೊಟ್ಟಂತಾಯಿತು?

ಕಂಪೆನಿಯ ಆಸರೆಯೇ ಇಲ್ಲದ ಹೊಸ ಬಗೆಯ ಪರದೇಶವಾಸಿಗಳೂ ಈಗ ಇದ್ದಾರೆ. ಒಂದು ದೇಶದಲ್ಲಿ ಕುಳಿತು ಇನ್ನೊಂದು ದೇಶದ ಕಂಪೆನಿಗೆ ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು ಅವರು. ದುಬೈ 2020ರಲ್ಲಿ ಇಂಥವರಿಗೆಂದೇ ಒಂದು ವರ್ಷದ ವೀಸಾ ಆರಂಭಿಸಿತು. ಅದಕ್ಕೆ ಅರ್ಜಿ ಹಾಕುವವರು ಅಲ್ಲಿ ಚಲಾವಣೆಯಾಗುವ ಆರೋಗ್ಯ ವಿಮೆಯನ್ನು ತಾವೇ ಕೊಂಡಿರಬೇಕು. ಓದಲು ಬ್ರಿಟನ್ನಿಗೆ ಹೋಗುವ ವಿದ್ಯಾರ್ಥಿಗಳ ವ್ಯವಸ್ಥೆ ಬೇರೆ. ಅವರು ವೀಸಾದ ಜೊತೆಗೇ ಆರೋಗ್ಯ ಶುಲ್ಕ ಕಟ್ಟಬೇಕು. 2024ರ ಫೆಬ್ರವರಿಯಲ್ಲಿ ಅದನ್ನು ವರ್ಷಕ್ಕೆ 776 ಪೌಂಡಿಗೆ ಏರಿಸಿದರು. ಅದನ್ನು ಕಟ್ಟಿದವರಿಗೆ ಅಲ್ಲಿನ ಸರಕಾರಿ ಆಸ್ಪತ್ರೆಯ ಬಾಗಿಲು ತೆರೆದಿರುತ್ತದೆ. ಸಾಲ ಮಾಡಿ ಓದಲು ಹೋಗುವವರು ಕಾಲೇಜಿನ ಫೀಸಿನ ಜೊತೆಗೆ ಈ ಹಣವನ್ನೂ ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು.

ಈಗ ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಗಲ್ಫಿನ ಕಾರ್ಡು ಕಂಪೆನಿಯದು. ಕೆಲಸ ಹೋಗಿ ವೀಸಾ ರದ್ದಾದರೆ ಅದರ ಬೆಲೆಯೂ ಮುಗಿಯಿತು. ಕಾಯಿಲೆ ಮಾತ್ರ ನಮ್ಮ ಜೊತೆ ವಿಮಾನ ಹತ್ತಿ ಊರಿಗೆ ಬರುತ್ತದೆ. ಒಬ್ಬರನ್ನು ಊಹಿಸಿಕೊಳ್ಳಿ. 25 ವರ್ಷ ದುಡಿದು 52ನೆಯ ವಯಸ್ಸಿನಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ ಹೊತ್ತು ಮರಳಿದ್ದಾರೆ. ಬಂದ ಮೇಲೆ ಇಲ್ಲಿ ವಿಮೆ ಕೊಳ್ಳಲು ಹೋದರೆ, ಮೊದಲೇ ಇರುವ ಕಾಯಿಲೆಗೆ ಕಾಯುವ ಅವಧಿ ಎಂಬುದೊಂದಿದೆ. ವಿಮಾ ನಿಯಂತ್ರಣ ಪ್ರಾಧಿಕಾರವು 2024ರಲ್ಲಿ ಅದನ್ನು ಗರಿಷ್ಠ ನಾಲ್ಕು ವರ್ಷದಿಂದ ಮೂರಕ್ಕೆ ಇಳಿಸಿತು. ಆದರೂ ಮೂರು ವರ್ಷ ಎಂದರೆ ಅವರಿಗೆ 55 ತುಂಬುವವರೆಗೆ ಆ ಕಾಯಿಲೆಯ ಆಸ್ಪತ್ರೆ ಖರ್ಚು ಅವರ ಉಳಿತಾಯದಿಂದಲೇ ಹೋಗಬಹುದು. ಮನೆ ಕಟ್ಟಲು, ಮಗಳ ನಿಕಾಹ್‌ಗೆ, ಮಗನ ಓದಿಗೆ ಇಟ್ಟ ಹಣ ಅದು. ಅದೇ ವ್ಯಕ್ತಿ ಅಲ್ಲಿ ದುಡಿಯುತ್ತಿರುವಾಗಲೇ, 40ರ ಆಸುಪಾಸಿನಲ್ಲಿ, ಊರಿನಲ್ಲಿ ಕುಟುಂಬದ ಹೆಸರಿಗೆ ವಿಮೆ ಮಾಡಿಸಿ ಬಿಡದೆ ಕಂತು ಕಟ್ಟಿದ್ದರೆ, ಮರಳುವ ಹೊತ್ತಿಗೆ ಕಾಯುವ ಅವಧಿ ಎಂದೋ ಮುಗಿದಿರುತ್ತಿತ್ತು. ಊರಿನಲ್ಲಿರುವ ಹೆಂಡತಿ ಮಕ್ಕಳಿಗೆ ಅಷ್ಟೂ ವರ್ಷ ಆಸರೆಯೂ ಇರುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿನ ಜಿ.ಎಸ್.ಟಿ.ಯನ್ನೂ ತೆಗೆದುಹಾಕಲಾಗಿದೆ. ಅರ್ಜಿಯಲ್ಲಿ ಮಾತ್ರ ಇರುವ ಕಾಯಿಲೆಯನ್ನು ಮುಚ್ಚಿಡಬೇಡಿ. ಏಜೆಂಟ್ "ಬರೆಯಬೇಡಿ, ನಡೆಯುತ್ತದೆ" ಎಂದರೂ ಬರೆಯಿರಿ. ಮುಚ್ಚಿಟ್ಟದ್ದು ಕ್ಲೇಮಿನ ದಿನ ಹೊರಬೀಳುತ್ತದೆ.

ವಿಮೆ ಜಾಯಿಜೋ ಅಲ್ಲವೋ ಎಂಬ ಪ್ರಶ್ನೆ ಕೆಲವರ ಮನಸ್ಸಿನಲ್ಲಿದೆ. ಫತ್ವಾ ಹೇಳುವುದು ನನ್ನ ಕೆಲಸವಲ್ಲ. ಉಲಮಾಗಳಲ್ಲಿ ಭಿನ್ನಾಭಿಪ್ರಾಯವಿದೆ. ನೀವು ನಂಬುವ ಆಲಿಮರನ್ನು ಕೇಳಿ ನಡೆಯಿರಿ. ಗಲ್ಫಿನಲ್ಲಿ ತಕಾಫುಲ್ ಎಂಬ ಪರಸ್ಪರ ಸಹಾಯದ ಪದ್ಧತಿಯೂ ಇದೆ. ವಿಮೆ ಬೇಡವೆಂದು ತೀರ್ಮಾನಿಸಿದವರು ಅಷ್ಟೇ ಹಣವನ್ನು ತಿಂಗಳು ತಿಂಗಳು ಬೇರೆ ತೆಗೆದಿಡಲಿ. ಏನೂ ಮಾಡದೆ ಕೂರುವುದಕ್ಕೆ ತವಕ್ಕುಲ್ ಎಂಬ ಹೆಸರು ಕೊಡುವುದು ಬೇಡ.

ಕೊನೆಯದಾಗಿ, ಮನೆಗೆ ಹೋಗಿ ಮಾಡಬೇಕಾದ ನಾಲ್ಕು ಕೆಲಸಗಳನ್ನು ಹೇಳುತ್ತೇನೆ. ಒಂದು, ಪರದೇಶದಲ್ಲಿರುವವರಿಗೆ ಇಂದೇ ಫೋನ್ ಮಾಡಿ, ಕಾರ್ಡಿನ ಎರಡೂ ಬದಿಯ ಚಿತ್ರ ತರಿಸಿಕೊಂಡು ಮನೆಯಲ್ಲಿ ಇಟ್ಟುಕೊಳ್ಳಿ. ಎರಡು, ಅದರ ಮುಕ್ತಾಯದ ದಿನಾಂಕ, ಆಸ್ಪತ್ರೆಗಳ ಪಟ್ಟಿ, ರೋಗಿ ಕೊಡಬೇಕಾದ ಪಾಲು ಇವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಇಂಗ್ಲಿಷ್ ಓದಬಲ್ಲ ಮಕ್ಕಳು ಅಮ್ಮಿಗೆ ಓದಿ ಹೇಳಲಿ. ಮೂರು, ವಿಸಿಟ್ ವೀಸಾದಲ್ಲಿ ಹೋಗುವ ತಂದೆತಾಯಿಗೆ ಮಗನ ಕಾರ್ಡು ನಡೆಯುವುದಿಲ್ಲ. ಆ ದಿನಗಳಿಗೆ ಅವರ ಹೆಸರಿನಲ್ಲೇ ವಿಮೆ ಇದೆಯೇ ಎಂದು ನೋಡಿಕೊಳ್ಳಿ. ನಾಲ್ಕು, ಆ ದೇಶದ ಭಾರತೀಯ ರಾಯಭಾರ ಕಚೇರಿಯ ಫೋನ್ ನಂಬರ್ ಬರೆದಿಟ್ಟುಕೊಳ್ಳಿ. ನಿಜವಾಗಿ ನಿರ್ಗತಿಕರಾದ ಭಾರತೀಯರ ತುರ್ತು ಚಿಕಿತ್ಸೆಗೆ, ತೀರಿಕೊಂಡವರ ಪಾರ್ಥಿವ ಶರೀರ ಊರಿಗೆ ತರುವುದಕ್ಕೆ, 2009ರಲ್ಲಿ ಸ್ಥಾಪಿಸಿದ ಭಾರತೀಯ ಸಮುದಾಯ ಕಲ್ಯಾಣ ನಿಧಿ ಅಲ್ಲಿದೆ. ಅದು ಕೊನೆಯ ಆಸರೆ. ಅಲ್ಲಿಗೆ ತಲುಪುವ ಮೊದಲೇ ನಮ್ಮ ವ್ಯವಸ್ಥೆ ನಾವು ಮಾಡಿಕೊಳ್ಳೋಣ.

ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ಮನೆಗೆ ಹಣ ಕಳಿಸುವ ಕೈ ಗಟ್ಟಿಯಾಗಿರಬೇಕಾದರೆ ಆ ದೇಹ ಆರೋಗ್ಯವಾಗಿರಬೇಕು. ಅವರು ಬಿಸಿಲಿನಲ್ಲಿ ದುಡಿದು ನಿಮ್ಮನ್ನು ಓದಿಸುತ್ತಿದ್ದಾರೆ. ಅವರಿಗಾಗಿ ನೀವು ಎರಡು ಪುಟ ಓದಿ ಹೇಳಿದರೆ, ಅದೂ ಒಂದು ಖಿದ್ಮತ್.